199 ಡಾಲರ್‌ನ ಇಂಜೆಕ್ಷನ್ ನಿಜವಾಗಿಯೂ ಅಗ್ಗವಾ? ಶಿರಸಿಯಲ್ಲಿ ಕೂತು ಹಾಕಿದ ಲೆಕ್ಕ

ಅಮೆರಿಕದಲ್ಲಿ ತೂಕ ಇಳಿಸುವ ಇಂಜೆಕ್ಷನ್ 199 ಡಾಲರ್‌ಗೆ ಸಿಗುತ್ತದಂತೆ, ನಮ್ಮಲ್ಲಿ ಮಾತ್ರ ಕಂಪನಿಯವರು ಸುಲಿಯುತ್ತಿದ್ದಾರಂತೆ. ಈ ಮಾತನ್ನು ಈಗೀಗ ಎಲ್ಲಿ ಹೋದರೂ ಕೇಳುತ್ತಿದ್ದೇನೆ. ಮದುವೆಮನೆ ಪಂಕ್ತಿಯಲ್ಲಿ, ಸೊಸೈಟಿ ಕೌಂಟರ್‌ನಲ್ಲಿ, ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಂತೂ ವಾರಕ್ಕೊಮ್ಮೆ. ಹೇಳುವವರು ಯಾರೂ ಡಾಲರಿಗೆ 90 ರೂಪಾಯಿ ಹಿಡಿದು 199ನ್ನು ಗುಣಿಸಿ ನೋಡುವುದಿಲ್ಲ. ಗುಣಿಸಿದರೆ ಸುಮಾರು 17,900 ರೂಪಾಯಿ. ನಮ್ಮಲ್ಲಿ ವೆಗೋವಿ ಎಂಬ ಕಂಪನಿ ಇಂಜೆಕ್ಷನ್ ಪೆನ್ನಿನ ಅತಿ ದೊಡ್ಡ ಡೋಸಿಗೆ ಫೆಬ್ರವರಿ 2026ರಲ್ಲಿ ತಿಂಗಳಿಗೆ 16,400 ರೂಪಾಯಿ ಇತ್ತು. ಅಂದರೆ ಅಲ್ಲಿಯ ಅಗ್ಗದ ಮಾಲು ಇಲ್ಲಿಯ ಬ್ರಾಂಡೆಡ್ ಮಾಲಿಗಿಂತ ತುಟ್ಟಿ!

ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಅದಕ್ಕೇ ಪೂರ್ತಿ ಲೆಕ್ಕ ಇಲ್ಲಿ ಬರೆದು ಇಡುತ್ತಿದ್ದೇನೆ, ಬೆಲೆಗಳೆಲ್ಲ ಫೆಬ್ರವರಿ 2026ರ ಹೊತ್ತಿನವು. ಇನ್ನು ಮುಂದೆ ಯಾರಾದರೂ ಕೇಳಿದರೆ ಲಿಂಕ್ ಕಳಿಸಿದರಾಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಅಡಿಕೆ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವವನು. ತೂಕ 92 ಕಿಲೋ, ಎತ್ತರ ಐದೂವರೆ ಅಡಿ, ಶುಗರ್ ಇದೆ, ಬಿಪಿ ಮಾತ್ರೆಯೂ ಇದೆ. ಇಂಜೆಕ್ಷನ್ ಬಗ್ಗೆ ಯೋಚಿಸಬಹುದು ಅಂತ ನಮ್ಮ ಡಾಕ್ಟರೇ ಹೇಳಿದ್ದಾರೆ. ಅಂದಮೇಲೆ ಇದು ನನ್ನ ಜೇಬಿನ ಪ್ರಶ್ನೆಯೂ ಹೌದು.

ಈಗ ಸುದ್ದಿಯಲ್ಲಿರುವುದು ಮುಖ್ಯವಾಗಿ ಎರಡು ಔಷಧಿ. ಒಂದು ಸೆಮಾಗ್ಲುಟೈಡ್, ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿಯದ್ದು. ಶುಗರ್‌ಗೆ ಕೊಟ್ಟರೆ ಒಜೆಂಪಿಕ್, ತೂಕಕ್ಕೆ ಕೊಟ್ಟರೆ ವೆಗೋವಿ. ಇನ್ನೊಂದು ಟಿರ್ಜೆಪಟೈಡ್, ಅಮೆರಿಕದ ಎಲಿ ಲಿಲ್ಲಿಯದ್ದು. ಅಮೆರಿಕದಲ್ಲಿ ಶುಗರ್‌ಗೆ ಮೌಂಜಾರೊ, ತೂಕಕ್ಕೆ ಜೆಪ್‌ಬೌಂಡ್. ನಮ್ಮಲ್ಲಿ ಲಿಲ್ಲಿಯವರು ಎರಡಕ್ಕೂ ಮೌಂಜಾರೊ ಅಂತಲೇ ಮಾರುತ್ತಾರೆ. ಎರಡೂ ವಾರಕ್ಕೊಂದು ಚುಚ್ಚುವ ಇಂಜೆಕ್ಷನ್. ಹಸಿವು ಕಡಿಮೆ ಆಗುತ್ತದೆ, ಹೊಟ್ಟೆ ನಿಧಾನಕ್ಕೆ ಖಾಲಿ ಆಗುತ್ತದೆ, ಎರಡು ಇಡ್ಲಿಗೇ ಸಾಕು ಅನಿಸುತ್ತದೆ. ಕೆಲಸ ಮಾಡುವುದಂತೂ ಹೌದು. ವೆಗೋವಿಯ ದೊಡ್ಡ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ 14.9 ಶೇಕಡಾ ತೂಕ ಇಳಿದಿತ್ತು. ಎರಡನ್ನೂ ನೇರವಾಗಿ ಎದುರುಬದುರು ಇಟ್ಟು ನೋಡಿದ ಇನ್ನೊಂದು ಪರೀಕ್ಷೆಯಲ್ಲಿ 72 ವಾರಕ್ಕೆ ಟಿರ್ಜೆಪಟೈಡ್‌ನವರು 20.2 ಶೇಕಡಾ, ಸೆಮಾಗ್ಲುಟೈಡ್‌ನವರು 13.7 ಶೇಕಡಾ ಇಳಿದರು.

ಈಗ ನಮ್ಮ ಭಾವನ ಕಥೆ. ಅತ್ತೆಯ ಮಗ, ನ್ಯೂಜೆರ್ಸಿಯಲ್ಲಿದ್ದಾನೆ. ಅವನು ತಗೊಳ್ಳುತ್ತಿದ್ದದ್ದು ಬ್ರಾಂಡ್ ಅಲ್ಲ, ಕಂಪೌಂಡೆಡ್ ಸೆಮಾಗ್ಲುಟೈಡ್. ಫೋನ್ ಮಾಡಿದಾಗಲೆಲ್ಲ "ಎಂತ ಮಾರಾಯ, ನೀ ಇನ್ನೂ ಶುರು ಮಾಡಿದ್ದಿಲ್ಯಾ?" ಅಂತ ಶುರು. ಆಮೇಲೆ ಅವನ ತೂಕ, ಅವನ ಬೆಲ್ಟಿನ ತೂತು, ಹಳೆ ಪ್ಯಾಂಟು, ಎಲ್ಲದರ ವರದಿ. ಊರಿನಲ್ಲಿ 199 ಡಾಲರ್ ಮಾತು ಹಬ್ಬಿದ್ದಕ್ಕೆ ಅರ್ಧ ಕಾರಣ ಅವನೇ.

ಈ ಕಂಪೌಂಡೆಡ್ ಅಂದರೇನು ಅಂತ ನಮ್ಮ ಕಡೆಯ ಹಳಬರಿಗೆ ಹೇಳುವುದು ಕಷ್ಟವೇ ಅಲ್ಲ. ನಾವು ಸಣ್ಣವರಿದ್ದಾಗ ಡಾಕ್ಟರ್ ಚೀಟಿ ಬರೆದರೆ ಒಳಗೆ ಕಿಟಕಿಯಲ್ಲಿ ಕಂಪೌಂಡರ್ ಕೂತು ದೊಡ್ಡ ಜಾಡಿಗಳಿಂದ ಮಿಕ್ಸ್ಚರ್ ಬೆರೆಸಿ ನಮ್ಮದೇ ಬಾಟಲಿಗೆ ಸುರಿದು, ಎಷ್ಟು ಕುಡಿಯಬೇಕು ಅಂತ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ ಕೊಡುತ್ತಿದ್ದನಲ್ಲ, ಸರಿಸುಮಾರು ಅದೇ ಕೆಲಸ. ಅಮೆರಿಕದಲ್ಲಿ ಇದಕ್ಕೆಂದೇ ಲೈಸೆನ್ಸ್ ಇರುವ ಫಾರ್ಮಸಿಗಳಿವೆ. ಯಾರಿಗೋ ಮಾತ್ರೆಯಲ್ಲಿರುವ ಬಣ್ಣ ಅಲರ್ಜಿ, ಯಾವುದೋ ಮಗುವಿಗೆ ಅಂಗಡಿಯಲ್ಲಿ ಸಿಗದಷ್ಟು ಚಿಕ್ಕ ಡೋಸ್ ಬೇಕು, ಅಂಥವರಿಗೆ ಡಾಕ್ಟರ್ ಹೇಳಿದ ಹಾಗೆ ಬೆರೆಸಿ ಕೊಡುವುದು ಅವರ ಕೆಲಸ. ಕಂಪನಿಯ ಔಷಧಿಯನ್ನೇ ನಕಲು ಮಾಡಿ ರಾಶಿ ರಾಶಿ ಮಾರುವಂತಿಲ್ಲ. ಆದರೆ ಒಂದು ಔಷಧಿ ಅಲ್ಲಿಯ ಸರ್ಕಾರಿ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಕೊರತೆ ಪಟ್ಟಿಯಲ್ಲಿದ್ದರೆ ಆ ಕಟ್ಟುನಿಟ್ಟು ಸಡಿಲ ಆಗುತ್ತದೆ.

ಆಗಿದ್ದೂ ಅದೇ. 2022ರಲ್ಲಿ ಬೇಡಿಕೆ ಒಮ್ಮೆಲೇ ಏರಿತು, ಕಂಪನಿಗಳಿಂದ ಪೂರೈಸಲು ಆಗಲಿಲ್ಲ, ಎರಡೂ ಔಷಧಿ ಕೊರತೆ ಪಟ್ಟಿಗೆ ಸೇರಿದವು. ವೆಗೋವಿಯ ಲಿಸ್ಟ್ ಬೆಲೆ ಆಗ ತಿಂಗಳಿಗೆ ಸುಮಾರು 1,349 ಡಾಲರ್. ಅದೇ 90ರ ರೇಟಿನಲ್ಲಿ ಒಂದು ಲಕ್ಷ ಇಪ್ಪತ್ತೊಂದು ಸಾವಿರ ರೂಪಾಯಿ, ಅದೂ ಒಂದು ತಿಂಗಳಿಗೆ. ಇನ್ಶೂರೆನ್ಸ್ ಕೊಡದಿದ್ದರೆ ಯಾರಿಗೆ ಸಾಧ್ಯ? ಆ ಜಾಗಕ್ಕೆ ಕಂಪೌಂಡಿಂಗ್‌ನವರು ನುಗ್ಗಿದರು. ಮೇ 2024ರಲ್ಲಿ ಹಿಮ್ಸ್ ಆ್ಯಂಡ್ ಹರ್ಸ್ ಎಂಬ ಆನ್‌ಲೈನ್ ಕಂಪನಿ ತಿಂಗಳಿಗೆ 199 ಡಾಲರ್‌ನಿಂದ ಶುರು ಅಂತ ಮಾರಾಟಕ್ಕೆ ಇಳಿಯಿತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ತಿರುಗುವ ಸಂಖ್ಯೆಯೂ ಅದೇ 199. ಭಾವನ ಕ್ಲಿನಿಕ್ ಬೇರೆ, ಆದರೆ ರೇಟು ಆ ಆಸುಪಾಸೇ.

1,349ರ ಎದುರಿಗೆ 199 ಇಟ್ಟರೆ ಯಾರಿಗಾದರೂ ಅಗ್ಗ ಅನಿಸದೇ ಇರುತ್ತದಾ? ಅಲ್ಲಿ ಇದ್ದವರಿಗೆ ಅದು ನಿಜವಾಗಿಯೂ ಅಗ್ಗವೇ. ಭಾವನನ್ನು ನಾನು ದೂರುವುದಿಲ್ಲ. ತೊಂದರೆ ಇರುವುದು ಆ ಹೋಲಿಕೆಯನ್ನು ಹಾಗೇ ಎತ್ತಿಕೊಂಡು ಬಂದು ಶಿರಸಿಯಲ್ಲಿ ಇಳಿಸುವುದರಲ್ಲಿ.

ಅಲ್ಲಿಯ ಕಥೆಯೂ ಈಗ ಬದಲಾಗಿದೆ. ಡಿಸೆಂಬರ್ 2024ರಲ್ಲಿ ಟಿರ್ಜೆಪಟೈಡ್ ಕೊರತೆ ಮುಗಿಯಿತು ಅಂತ ಎಫ್‌ಡಿಎ ಹೇಳಿತು. ಫೆಬ್ರವರಿ 2025ರಲ್ಲಿ ಸೆಮಾಗ್ಲುಟೈಡ್‌ನದ್ದೂ ಮುಗಿಯಿತು. ಕಂಪೌಂಡಿಂಗ್‌ನವರಿಗೆ ನಿಲ್ಲಿಸಲು ಕೆಲವು ವಾರ ಸಮಯ ಕೊಟ್ಟರು, ಮೇ 2025ಕ್ಕೆ ಆ ಗಡುವೂ ದಾಟಿತು. ನಿಂತಿತಾ? ಪೂರ್ತಿ ಇಲ್ಲ. ಈ ರೋಗಿಗೇ ಅಂತ ವಿಶೇಷವಾಗಿ ಮಾಡಿದ್ದು ಅನ್ನುವ ದಾರಿ ಹಿಡಿದರು. ಸ್ವಲ್ಪ ವಿಟಮಿನ್ ಬಿ12 ಸೇರಿಸುವುದು, ಡೋಸನ್ನು ಆಚೀಚೆ ಮಾಡುವುದು, ಹೀಗೆ. ಅದರ ಮೇಲೆ ನೋಟಿಸು, ಕೋರ್ಟು ಎಲ್ಲ ನಡೆಯುತ್ತಲೇ ಇದೆ.

ಅಷ್ಟರಲ್ಲಿ ಕಂಪನಿಗಳಿಗೆ ಬಿಸಿ ತಾಗಿತ್ತು. ಲಿಲ್ಲಿಯವರು ಆಗಸ್ಟ್ 2024ರಲ್ಲಿ ಪೆನ್ ಬಿಟ್ಟು ಬರೀ ವಯಲ್ (ಪುಟ್ಟ ಔಷಧಿ ಬಾಟಲಿ) ರೂಪದಲ್ಲಿ ಜೆಪ್‌ಬೌಂಡನ್ನು ನೇರವಾಗಿ ಮಾರಲು ಶುರು ಮಾಡಿದರು. ಕೈಯಿಂದ ದುಡ್ಡು ಕೊಡುವವರಿಗೆ 2.5 ಮಿಲಿಗ್ರಾಂಗೆ 399 ಡಾಲರ್, 5 ಮಿಲಿಗ್ರಾಂಗೆ 549. ಡಿಸೆಂಬರ್ 2025ಕ್ಕೆ ಅದು 299 ಮತ್ತು 399ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡ ಡೋಸಿಗೆ 449. ನೋವೊದವರು ಮಾರ್ಚ್ 2025ರಲ್ಲಿ ವೆಗೋವಿಯನ್ನು 499ಕ್ಕೆ ಇಳಿಸಿದರು, ನವೆಂಬರ್‌ನಲ್ಲಿ 349ಕ್ಕೆ. ಹೊಸಬರಿಗೆ ಮೊದಲ ಎರಡು ತಿಂಗಳು ಚಿಕ್ಕ ಡೋಸ್ 199 ಡಾಲರ್ ಅಂತ ಆಫರ್ ಬೇರೆ. ನೋಡಿ, 199 ಮತ್ತೆ ಬಂತು! ಆದರೆ ಈ ಸಲ ಬ್ರಾಂಡಿನದ್ದೇ. ಆ ಎರಡು ತಿಂಗಳು ಮುಗಿದ ಮೇಲೆ 349 ಅನ್ನುವುದು ಮಾತ್ರ ಫಾರ್ವರ್ಡ್ ಮೆಸೇಜಿನಲ್ಲಿ ಇರುವುದಿಲ್ಲ.

ಈಗ ಇಲ್ಲಿಗೆ ಬರೋಣ.

ಮೌಂಜಾರೊ ನಮ್ಮ ದೇಶಕ್ಕೆ ಬಂದದ್ದು ಮಾರ್ಚ್ 2025ರಲ್ಲಿ. ಆಗ ಬರೀ ವಯಲ್, 2.5 ಮಿಲಿಗ್ರಾಂಗೆ 3,500 ರೂಪಾಯಿ, 5ಕ್ಕೆ 4,375. ಒಂದು ವಯಲ್ ಅಂದರೆ ಒಂದು ವಾರ. ಆಮೇಲೆ ನಾಲ್ಕು ವಾರದ ಪೆನ್ ಬಂತು. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಾಗ ಬೆಲೆಯೂ ಸ್ವಲ್ಪ ಇಳಿಯಿತು. ಫೆಬ್ರವರಿ 2026ರ ಹೊತ್ತಿಗೆ 2.5ರ ಪೆನ್ 13,125 ರೂಪಾಯಿ ಇತ್ತು, 5ಕ್ಕೆ 16,406, 7.5 ಮತ್ತು 10ಕ್ಕೆ 20,625, ಅದಕ್ಕಿಂತ ಮೇಲಿನವಕ್ಕೆ 25,781. ವೆಗೋವಿ ಜೂನ್ 2025ರಲ್ಲಿ ಬಂದಾಗ ಶುರುವಿನ ಡೋಸಿಗೇ 17,345 ಇತ್ತು, ಕೊನೆಯ ಡೋಸಿಗೆ 26,015. ನವೆಂಬರ್‌ನಲ್ಲಿ ಅವರು ಒಮ್ಮೆಲೇ ಇಳಿಸಿ ಶುರುವಿನದ್ದಕ್ಕೆ 10,850, ಕೊನೆಯದ್ದಕ್ಕೆ 16,400 ಮಾಡಿದರು. ಡಿಸೆಂಬರ್‌ನಲ್ಲಿ ಒಜೆಂಪಿಕ್ ಬಂತು, ಅದು ಶುಗರ್‌ನವರಿಗೆ, ಆಗ 8,800ರಿಂದ ಶುರು ಇತ್ತು. ಒಂದೇ ವರ್ಷದಲ್ಲಿ ಇಷ್ಟೆಲ್ಲ.

ಇನ್ನು ನನ್ನ ಕಸುಬಿನ ವಿಷಯ. ತಿಂಗಳಿಗೆ ಇಷ್ಟು ಅಂತ ಎಲ್ಲರೂ ಹೇಳುತ್ತಾರಲ್ಲ, ಆ ತಿಂಗಳು 28 ದಿನದ್ದು. ಪೆನ್ನಿನಲ್ಲಿ ನಾಲ್ಕು ಡೋಸ್, ವಾರಕ್ಕೊಂದು. ವರ್ಷಕ್ಕೆ 52 ವಾರ. 52ನ್ನು 4ರಿಂದ ಭಾಗಿಸಿ. 12 ಅಲ್ಲ, 13 ಪೆನ್ ಬೇಕು. ಯಾವ ಜಾಹೀರಾತಿನವರೂ, ಯಾವ ಯೂಟ್ಯೂಬಿನವರೂ ಈ ಹದಿಮೂರನೆಯ ಪೆನ್ನಿನ ಸುದ್ದಿ ಎತ್ತುವುದಿಲ್ಲ. ಹದಿನಾರು ಸಾವಿರದ ಒಂದು ಪೆನ್ ಲೆಕ್ಕದಿಂದ ಜಾರಿ ಹೋದರೆ ನಮ್ಮ ಸೊಸೈಟಿ ಆಡಿಟ್‌ನಲ್ಲಿ ನನ್ನನ್ನು ಸುಮ್ನೆ ಬಿಡುತ್ತಾರಾ?

ಎರಡನೆಯದು ಇನ್ನೂ ಮುಖ್ಯ. ಶುರುವಿನ ಡೋಸಿನ ಬೆಲೆ ನೋಡಿ ನಿರ್ಧಾರ ಮಾಡಬಾರದು. ಶುರುವಿನ ಡೋಸ್ ಇರುವುದು ಮೈ ಒಗ್ಗಲಿ ಅಂತ. ಮೌಂಜಾರೊದ 2.5 ಮಿಲಿಗ್ರಾಂ ನಾಲ್ಕು ವಾರ, ಆಮೇಲೆ 5, ಸಾಲದಿದ್ದರೆ ಮತ್ತೆ ನಾಲ್ಕು ವಾರ ಬಿಟ್ಟು 7.5, ಹೀಗೆ ಮೆಟ್ಟಿಲು. ವೆಗೋವಿಯೂ ಹಾಗೇ, 0.25ರಿಂದ 2.4ರ ತನಕ. ನೀವು ಬಹಳ ಕಾಲ ನಿಲ್ಲುವುದು ಮೇಲಿನ ಮೆಟ್ಟಿಲಲ್ಲಿ, ಕೆಳಗಿನದ್ದರಲ್ಲಿ ಅಲ್ಲ. ಹಾಗಾಗಿ ಮೌಂಜಾರೊ 5ರಲ್ಲೇ ನಿಂತರೆ ಒಂದು ವರ್ಷಕ್ಕೆ 13,125 ಒಂದು ಪೆನ್, 16,406ರ ಹನ್ನೆರಡು ಪೆನ್, ಒಟ್ಟು 2 ಲಕ್ಷ 10 ಸಾವಿರ. 10ರ ತನಕ ಹತ್ತಿದರೆ 2 ಲಕ್ಷ 56 ಸಾವಿರ. ವೆಗೋವಿ 2.4ರಲ್ಲಿ ನಿಂತ ಮೇಲೆ ವರ್ಷಕ್ಕೆ 2 ಲಕ್ಷ 13 ಸಾವಿರ. ಭಾವನ ಕಂಪೌಂಡೆಡ್‌ಗೆ ತಿಂಗಳಿಗೆ 199ರ ಹಾಗೆ ಹನ್ನೆರಡು ಕಂತು ಹಿಡಿದರೆ 2,388 ಡಾಲರ್, ನಮ್ಮ ದುಡ್ಡಿನಲ್ಲಿ 2 ಲಕ್ಷ 15 ಸಾವಿರ.

10ರ ತನಕ ಹತ್ತಿದ ಮೌಂಜಾರೊ ಒಂದನ್ನು ಬಿಟ್ಟರೆ ಎಲ್ಲ ಅಲ್ಲಲ್ಲೇ! ಕಂಪನಿ ಪೆನ್ನು, ಪರೀಕ್ಷೆ ಪಾಸಾದ ಮಾಲು, ಶಿರಸಿಯಲ್ಲಿ ಬಿಲ್ಲು ಸಮೇತ ಸಿಗುವುದಕ್ಕೂ, ಅಲ್ಲಿ ಬೆರೆಸಿ ಕೊಟ್ಟ ವಯಲಿಗೂ ಒಂದೇ ರೇಟು. (ಇದು ಎಷ್ಟು ಕ್ವಿಂಟಲ್ ಚಾಲಿ ಅಡಿಕೆ ಆಯಿತು ಅಂತಲೂ ಲೆಕ್ಕ ಹಾಕಿದ್ದೆ. ಮನೆಯವರು ಇದನ್ನು ಓದುತ್ತಾರೆ, ಆದ್ದರಿಂದ ಆ ಸಂಖ್ಯೆ ಇಲ್ಲಿ ಬೇಡ.)

ಹಾಗಂತ ನಮ್ಮವರ ಗೊಣಗಾಟ ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಭಾವನಿಗೆ 199 ಡಾಲರ್ ಅಂದರೆ ಅರ್ಧ ದಿನದ ಸಂಬಳ. ನನಗೆ 16,400 ಅಂದರೆ ತಿಂಗಳ ಸಂಬಳದ ಮೂರರಲ್ಲಿ ಒಂದು ಪಾಲು. ಇನ್ಶೂರೆನ್ಸ್ ಕೇಳುವ ಹಾಗೇ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದರೆ ದುಡ್ಡು ಬರುತ್ತದೆ, ತೂಕ ಇಳಿಸಲು ಮನೆಯಲ್ಲಿ ಚುಚ್ಚಿಕೊಂಡರೆ ಸಾಮಾನ್ಯವಾಗಿ ಬರುವುದಿಲ್ಲ. ಸುಲಿಗೆ ಅನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಅಮೆರಿಕದ ಕಂಪೌಂಡೆಡ್ ವಯಲನ್ನು ಸಾಕ್ಷಿಗೆ ಕರೆಯಬೇಡಿ.

ವಯಲ್ ಅಂದ ಕೂಡಲೇ ಸಿರಿಂಜಿನ ವಿಷಯ ಹೇಳಲೇಬೇಕು, ನನಗೆ ಬೆಲೆಗಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇದೇ. ಕಂಪನಿ ಪೆನ್ನಿನಲ್ಲಿ ಡೋಸ್ ಗುರುತು ಅದರಲ್ಲೇ ಇರುತ್ತದೆ. ಕಂಪೌಂಡೆಡ್ ಬರುವುದು ಸಾಮಾನ್ಯವಾಗಿ ನಾಲ್ಕೈದು ಡೋಸ್ ಒಟ್ಟಿಗೆ ಇರುವ ಪುಟ್ಟ ಬಾಟಲಿಯಲ್ಲಿ, ಇನ್ಸುಲಿನ್ ಸಿರಿಂಜಿನಲ್ಲಿ ನಾವೇ ಎಳೆದುಕೊಳ್ಳಬೇಕು. ಇನ್ಸುಲಿನ್ ಸಿರಿಂಜಿನಲ್ಲಿ ಮಿಲಿಗ್ರಾಂ ಬರೆದಿರುವುದಿಲ್ಲ, ಯೂನಿಟ್ ಇರುತ್ತದೆ, 100 ಯೂನಿಟ್ ಅಂದರೆ 1 ಮಿಲಿಲೀಟರ್. ಒಂದು ಫಾರ್ಮಸಿಯ ಬಾಟಲಿಯಲ್ಲಿ ಮಿಲಿಲೀಟರಿಗೆ 2.5 ಮಿಲಿಗ್ರಾಂ ಇದ್ದರೆ 0.25 ಮಿಲಿಗ್ರಾಂ ಬೇಕೆಂದರೆ 10 ಯೂನಿಟ್ ಎಳೆಯಬೇಕು. ಇನ್ನೊಂದು ಫಾರ್ಮಸಿ ಮಿಲಿಲೀಟರಿಗೆ 5 ಮಿಲಿಗ್ರಾಂ ಹಾಕಿದ್ದರೆ ಅದೇ ಡೋಸಿಗೆ 5 ಯೂನಿಟ್ ಸಾಕು. ಹಳೆ ಅಭ್ಯಾಸದಲ್ಲಿ 10 ಎಳೆದರೆ ಎರಡು ಪಟ್ಟು ಹೋಯಿತು. 5ರ ಬದಲು 50ರ ಗೀಟಿನ ತನಕ ಎಳೆದರೆ ಹತ್ತು ಪಟ್ಟು! ಇದೇನು ನನ್ನ ಕಲ್ಪನೆ ಅಲ್ಲ. ಜುಲೈ 2024ರಲ್ಲಿ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ಹೇಳಿದ್ದಕ್ಕಿಂತ 5ರಿಂದ 20 ಪಟ್ಟು ಚುಚ್ಚಿಕೊಂಡವರಿದ್ದರು, ವಾಂತಿ, ತಲೆಸುತ್ತು ಅಂತ ಆಸ್ಪತ್ರೆ ಸೇರಿದವರಿದ್ದರು. ವಾರಪೂರ್ತಿ ಮೈಯಲ್ಲಿ ಉಳಿಯುವ ಔಷಧಿ ಇದು, ಒಮ್ಮೆ ಜಾಸ್ತಿ ಆದರೆ ಬೇಗ ಇಳಿಯುವುದಿಲ್ಲ.

ಭಾವನಿಗೂ ಒಂದು ಸಲ ಹೀಗೇ ಆಗುವುದರಲ್ಲಿತ್ತು. ಕ್ಲಿನಿಕ್‌ನವರು ಫಾರ್ಮಸಿ ಬದಲಿಸಿದರು, ಹೊಸ ಬಾಟಲಿಯ ಸಾಂದ್ರತೆ ಬೇರೆ, ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅವನ ಮನೆಯಲ್ಲೇ ಇರುವ ಅಕ್ಕ ನೋಡಿ ತಡೆದಳು. ಅವಳು ಅಲ್ಲಿ ನರ್ಸ್. ಎಲ್ಲರ ಮನೆಯಲ್ಲೂ ನರ್ಸ್ ಇರುತ್ತಾರಾ?

ಇನ್ನೊಂದು ವ್ಯತ್ಯಾಸ ಇದೆ, ಜನ ಯಾವಾಗಲೂ ಇಲ್ಲೇ ತಪ್ಪುತ್ತಾರೆ. ಕಂಪೌಂಡೆಡ್ ಅಂದರೆ ಜೆನೆರಿಕ್ ಅಂತ ತಿಳಿಯುತ್ತಾರೆ. ಎರಡೂ ಬೇರೆ ಬೇರೆ. ಜೆನೆರಿಕ್ ಅಂದರೆ ಪೇಟೆಂಟ್ ಮುಗಿದ ಮೇಲೆ ಇನ್ನೊಂದು ಕಂಪನಿ ಸರ್ಕಾರಕ್ಕೆ ದಾಖಲೆ ಕೊಟ್ಟು, ಇದು ಮೂಲದ ಹಾಗೇ ಕೆಲಸ ಮಾಡುತ್ತದೆ ಅಂತ ತೋರಿಸಿ, ಒಪ್ಪಿಗೆ ಪಡೆದು ಮಾಡುವ ಔಷಧಿ. ಕಂಪೌಂಡೆಡ್ ಸೆಮಾಗ್ಲುಟೈಡ್‌ಗೆ ಎಫ್‌ಡಿಎ ಒಪ್ಪಿಗೆಯೇ ಇಲ್ಲ. ಮಾರಾಟಕ್ಕೆ ಮೊದಲು ಅದರ ಗುಣಮಟ್ಟವನ್ನು ಎಫ್‌ಡಿಎ ನೋಡಿರುವುದಿಲ್ಲ. ಕೆಲವರು ಮೂಲ ಔಷಧಿಯ ಬದಲು ಅದರ ಸೋಡಿಯಂ ಉಪ್ಪನ್ನು ಬಳಸುತ್ತಿದ್ದಾರೆ ಅಂತಲೂ ಎಫ್‌ಡಿಎ ಹೇಳಿತ್ತು. ಒಳ್ಳೆಯ ಫಾರ್ಮಸಿಯವರು ಚೆನ್ನಾಗಿಯೇ ಬೆರೆಸುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಯಾರು ಒಳ್ಳೆಯವರು ಅಂತ ಬಾಟಲಿ ನೋಡಿ ಹೇಳಲು ಆಗುವುದಿಲ್ಲ.

ಅಲ್ಲಾದರೂ ಲೈಸೆನ್ಸ್ ಇರುವ ಫಾರ್ಮಸಿ, ಹೆಸರಿಗೊಬ್ಬ ಡಾಕ್ಟರ್ ಇರುತ್ತಾರೆ. ನಮ್ಮಲ್ಲಿ ಇದೇ ಹೆಸರು ಹೇಳಿಕೊಂಡು ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ಬರುತ್ತಿರುವುದು ಬೇರೆಯೇ ಸಾಮಾನು. ಬಿಳಿ ಪುಡಿ ಇರುವ ವಯಲ್. ಲೇಬಲ್ ಮೇಲೆ ಸಂಶೋಧನೆಗೆ ಮಾತ್ರ ಅಂತ ಬರೆದಿರುತ್ತದೆ. ಜೊತೆಗೆ ಬೆರೆಸಲು ನೀರಿನ ಬಾಟಲಿ. ಡಾಕ್ಟರ್ ಚೀಟಿ ಬೇಡ, ಕೊರಿಯರ್‌ನಲ್ಲಿ ಬರುತ್ತದೆ. ನನಗೆ ಬಂದ ಮೆಸೇಜಿನಲ್ಲಿ ತಿಂಗಳಿಗೆ 3,000 ಅಂತ ಇತ್ತು. ತಯಾರಿಸಿದವರ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಫೋಟೊ ಕಳಿಸಿ ಅಂತ ಕೇಳಿದೆ. "ಸರ್ ಇದು ಕಂಪೌಂಡೆಡ್, ಯುಎಸ್‌ನಲ್ಲಿ ಎಲ್ಲರೂ ಇದನ್ನೇ ತಗೊಳ್ಳೋದು" ಅಂತ ಉತ್ತರ ಬಂತು. ಆಮೇಲೆ ಬ್ಲಾಕ್ ಮಾಡಿದ. ನಮ್ಮ ದೇಶದಲ್ಲಿ ಇವು ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲದ ಔಷಧಿ. 3,000ಕ್ಕೆ ಪುಡಿ ಮಾರುವವನ ರೇಟನ್ನು ನಾನು ಈ ಹೋಲಿಕೆಯಲ್ಲಿ ಸೇರಿಸುವುದೇ ಇಲ್ಲ. ಅದರಲ್ಲಿ ಏನಿದೆ ಅಂತಲೇ ಗೊತ್ತಿಲ್ಲದಾಗ ಯಾವುದರ ಬೆಲೆ ಅಂತ ಬರೆಯುವುದು?

ಭಾವ ಒಂದು ಉಪಾಯ ಹೇಳಿದ್ದ. ಊರಿಗೆ ಬರುವಾಗ ನಾಲ್ಕು ತಿಂಗಳಿನದ್ದು ತರುತ್ತೇನೆ, ಬ್ಯಾಗಿನಲ್ಲಿ ಐಸ್ ಪ್ಯಾಕ್ ಇಟ್ಟು. ಅವನ ಪ್ರೀತಿ ದೊಡ್ಡದು. ಆದರೆ ಅವನ ಹೆಸರಿಗೆ ಬರೆದ ಔಷಧಿ ನನಗೆ ಯಾಕೆ? ಅದೂ ಇಲ್ಲಿಗಿಂತ ಜಾಸ್ತಿ ಕೊಟ್ಟು? ಅವನಿಗೆ ಈ ಲೆಕ್ಕವನ್ನೇ ಕಳಿಸಿದೆ. ಎರಡು ದಿನ ಸುದ್ದಿ ಇಲ್ಲ. ಆಮೇಲೆ "ಹೌದಲ್ಲಾ" ಅಂತ ಒಂದೇ ಪದ. ಈಗ ಅವನೇ ಬ್ರಾಂಡ್ ವಯಲಿಗೆ ಬದಲಾಗಿದ್ದಾನೆ, ತಿಂಗಳಿಗೆ 399 ಡಾಲರ್ ಕೊಡುತ್ತಾನೆ.

ಐಸ್ ಪ್ಯಾಕ್ ಅಂದದ್ದಕ್ಕೆ ನೆನಪಾಯಿತು, ನಮ್ಮ ಕಡೆಯವರಿಗೆ ಫ್ರಿಜ್ ಕೂಡ ಒಂದು ಖರ್ಚು. ಇವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಪೇಟೆಯಲ್ಲಿ ಇದ್ದವರಿಗೆ ಪರವಾಗಿಲ್ಲ. ಹಳ್ಳಿ ಕಡೆ ಮಳೆಗಾಲದಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಕರೆಂಟ್ ಬರಲು ದಿನಗಟ್ಟಲೆ ಆಗುತ್ತದೆ. ಮೌಂಜಾರೊ ಪೆನ್ ಒಮ್ಮೆ ಬಳಸಲು ಶುರು ಮಾಡಿದ ಮೇಲೆ 30 ಡಿಗ್ರಿಯೊಳಗೆ ಹೊರಗಿದ್ದರೂ 30 ದಿನ ಇರುತ್ತದೆ. ಹಾಗಾಗಿ ಆಷಾಢದ ಮಳೆಯಲ್ಲಿ ಘಟ್ಟದ ಮೇಲೆ ಹೇಗೋ ನಡೆಯುತ್ತದೆ. ಏಪ್ರಿಲ್ ಸೆಕೆಗೆ ಕುಮಟಾ, ಕಾರವಾರದವರು ಹಾಗೆ ಬಿಟ್ಟರೆ ಆಗುವುದಿಲ್ಲ. ಫ್ರೀಜರ್ ಪಕ್ಕ ಇಟ್ಟು ಹೆಪ್ಪುಗಟ್ಟಿದರೆ ಎಸೆಯುವುದೇ, ಹದಿನಾರು ಸಾವಿರ ನೀರಿಗೆ. ಆರು ತಿಂಗಳಿನದ್ದು ಒಟ್ಟಿಗೆ ತಂದಿಡುವ ಆಸೆ ಇದ್ದರೆ ಬಿಡಿ. ಒಂದೊಂದೇ ಪೆನ್ ತನ್ನಿ.

ಡಾಕ್ಟರ್ ಖರ್ಚೂ ಇದೆ. ಹಾರ್ಮೋನ್ ಡಾಕ್ಟರ್ ಬೇಕೆಂದರೆ ನಮಗೆ ಹುಬ್ಬಳ್ಳಿ, ಹೆಚ್ಚುಕಡಿಮೆ ನೂರು ಕಿಲೋಮೀಟರ್. ಕರಾವಳಿಯವರು ಮಣಿಪಾಲವೋ ಮಂಗಳೂರೋ ಗೋವಾವೋ ಅಂತ ಹೋಗುತ್ತಾರೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಗಂಟಲು ಒಣಗಿದ ಊರಿನವರು ನಾವು, ಅದನ್ನು ಮತ್ತೆ ಬರೆಯುವುದಿಲ್ಲ. ಪರೀಕ್ಷೆಗಳು, ಬಸ್ಸು ಅಥವಾ ಕಾರು, ಒಂದು ದಿನದ ರಜೆ, ಎಲ್ಲ ಸೇರಿಸಿ ವರ್ಷಕ್ಕೆ ಇಪ್ಪತ್ತು ಸಾವಿರ ಇಟ್ಟುಕೊಂಡಿದ್ದೇನೆ. ಇದನ್ನು ಬಿಟ್ಟು ಉಳಿಸುವುದಕ್ಕೆ ಹೋಗಬೇಡಿ. ಪಿತ್ತಕೋಶದ ಕಲ್ಲು, ಪ್ಯಾಂಕ್ರಿಯಾಸ್ ಉರಿಯೂತ, ಮನೆತನದಲ್ಲಿ ಒಂದು ಜಾತಿಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ತಗೊಳ್ಳಲೇಬಾರದು ಅನ್ನುವುದು, ಇವನ್ನೆಲ್ಲ ಕೇಳಿ ನೋಡಿ ಬರೆಯುವವರು ಅವರೇ.

ಇಷ್ಟು ಹೇಳಿದ ಮೇಲೆ, ಈಗಲೇ ಶುರು ಮಾಡುತ್ತೀಯಾ ಅಂದರೆ ಇಲ್ಲ. ಕಾರಣ ಪೇಟೆಂಟ್. ಸೆಮಾಗ್ಲುಟೈಡ್‌ನ ಪೇಟೆಂಟ್ ನಮ್ಮ ದೇಶದಲ್ಲಿ ಮುಗಿಯುವುದಿದ್ದದ್ದು ಮಾರ್ಚ್ 2026ಕ್ಕೆ. ನಾನು ಇದನ್ನು ಬರೆದದ್ದು ಅದಕ್ಕೆ ಮೊದಲು, ಫೆಬ್ರವರಿ 2026ರಲ್ಲಿ. ನಮ್ಮ ದೊಡ್ಡ ಔಷಧಿ ಕಂಪನಿಗಳು ಆಗಲೇ ಸಾಲಿನಲ್ಲಿ ನಿಂತಿದ್ದವು. ಟಿರ್ಜೆಪಟೈಡ್ ಪೇಟೆಂಟ್‌ಗೆ ಇನ್ನೂ ಬಹಳ ವರ್ಷ ಇದೆ, ಅದು ಬೇರೆ ಮಾತು. ಪೇಟೆಂಟ್ ಮುಗಿದರೆ ಏನಾಗುತ್ತದೆ ಅಂತ ಶುಗರ್ ಇರುವ ಯಾರನ್ನಾದರೂ ಕೇಳಿ. ಜುಲೈ 2022ರಲ್ಲಿ ಸಿಟಾಗ್ಲಿಪ್ಟಿನ್ ಎಂಬ ಶುಗರ್ ಮಾತ್ರೆಯ ಪೇಟೆಂಟ್ ಮುಗಿದು, ಅದೇ ವರ್ಷ ಜನೌಷಧಿ ಅಂಗಡಿಯಲ್ಲಿ 50 ಮಿಲಿಗ್ರಾಂನ ಹತ್ತು ಮಾತ್ರೆಗೆ 60 ರೂಪಾಯಿ ಆಯಿತು. ಇದೇ ಜಾತಿಯ ಹಳೆಯ ಇಂಜೆಕ್ಷನ್ ಲಿರಾಗ್ಲುಟೈಡ್, ದಿನಾ ಚುಚ್ಚುವಂಥದ್ದು. ಜನವರಿ 2024ರಲ್ಲಿ ಗ್ಲೆನ್‌ಮಾರ್ಕ್ ಅದರ ಇಲ್ಲಿಯ ರೂಪ ತಂದಾಗ ಖರ್ಚು ಸುಮಾರು 70 ಶೇಕಡಾ ಇಳಿಯುತ್ತದೆ ಅಂತ ಹೇಳಿತ್ತು. ಎಷ್ಟು ಇಳಿದರೂ ಸರಿ, ಅದು ನಮ್ಮ ಸರ್ಕಾರದ ಒಪ್ಪಿಗೆ ಇರುವ, ಬ್ಯಾಚ್ ನಂಬರ್ ಇರುವ ಅಗ್ಗ. ನವೆಂಬರ್‌ನಲ್ಲಿ ವೆಗೋವಿಯವರು 37 ಶೇಕಡಾ ತನಕ ಇಳಿಸಿದ್ದು ನಮ್ಮ ಮೇಲಿನ ಕರುಣೆಯಿಂದ ಅಂತ ನನಗಂತೂ ಅನಿಸುವುದಿಲ್ಲ.

ಆದರೆ ಎಲ್ಲರೂ ಕಾಯಿರಿ ಅಂತ ನಾನು ಹೇಳುವುದಿಲ್ಲ. ಶುಗರ್ ಕೈಮೀರಿದವರಿಗೆ, ಹೃದಯದ ತೊಂದರೆ ಇದ್ದವರಿಗೆ ಡಾಕ್ಟರ್ ಈಗಲೇ ಅಂದರೆ ಈಗಲೇ. ನನ್ನದು ಎರಡು ತಿಂಗಳಿಗೆ ಏನೂ ಆಗುವಂಥದ್ದಲ್ಲ ಅಂತ ಅವರೇ ಹೇಳಿದ್ದಾರೆ.

ಕೊನೆಗೆ ಮನೆಯಲ್ಲಿ ನಡೆದ ಚರ್ಚೆ. ಆಯಿಗೆ ಇಡೀ ವಿಷಯವೇ ತಮಾಷೆ. "ಅಷ್ಟು ದುಡ್ಡು ಕೊಟ್ಟು ಊಟ ಬಿಡದಾ?" ಅಂತ ಒಂದೇ ಪ್ರಶ್ನೆ. ಹೆಂಡತಿ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ. ಎಷ್ಟು ವರ್ಷ? ನಿಲ್ಲಿಸಿದರೆ? ವೆಗೋವಿ ಪರೀಕ್ಷೆಯವರನ್ನೇ ಔಷಧಿ ನಿಲ್ಲಿಸಿದ ಮೇಲೆ ಒಂದು ವರ್ಷ ಗಮನಿಸಿದಾಗ ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಅಂದಮೇಲೆ ಒಂದು ವರ್ಷದ ಎರಡು ಲಕ್ಷ ಖರ್ಚು ಮಾಡಿ ಕೈ ತೊಳೆದುಕೊಳ್ಳುವ ಲೆಕ್ಕ ಇದಲ್ಲ. ಬಿಪಿ ಮಾತ್ರೆಯ ಹಾಗೆ ವರ್ಷ ವರ್ಷ ಬರುವ ಖರ್ಚು ಅಂತಲೇ ಹಿಡಿಯಬೇಕು. ಈ ಸಾಲನ್ನು ಎಕ್ಸೆಲ್ ಶೀಟಿನಲ್ಲಿ ಸೇರಿಸಿದ ಮೇಲೆ ಕಂಪೌಂಡೆಡ್ಡೋ ಬ್ರಾಂಡೋ ಅನ್ನುವ ಜಗಳವೇ ಸಣ್ಣದಾಗಿ ಕಂಡಿತು. ತಿಂಗಳಿಗೆ ಒಂದೆರಡು ಸಾವಿರ ಆಚೀಚೆ ಆದರೆ ನಾನು ತಡೆದುಕೊಳ್ಳುತ್ತೇನೆ, ಹತ್ತು ವರ್ಷಕ್ಕೆ ಇಪ್ಪತ್ತು ಲಕ್ಷ ಅಂದರೆ ಸಾಧ್ಯವೇ ಇಲ್ಲ. ತಿಂಗಳಿಗೆ ಐದು ಸಾವಿರದೊಳಗೆ, ಅದೂ ಮೇಲಿನ ಡೋಸಿಗೆ, ಬಂದರೆ ಶುರು ಮಾಡುತ್ತೇನೆ ಅಂತ ಇಬ್ಬರೂ ಕೂತು ಒಂದು ಗೆರೆ ಎಳೆದಿದ್ದೇವೆ.

ಹುಬ್ಬಳ್ಳಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಏಪ್ರಿಲ್ ಎರಡನೇ ವಾರಕ್ಕೆ ಸಿಕ್ಕಿದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಕಿಡ್ನಿ) ರಿಪೋರ್ಟ್ ಮೊದಲೇ ಮಾಡಿಸಿ ತನ್ನಿ ಅಂದಿದ್ದಾರೆ. ಅಷ್ಟರಲ್ಲಿ ಅಂಗಡಿಗೆ ಹೊಸ ಪೆನ್ನುಗಳು ಬಂದರೆ ಅವುಗಳ ಮೇಲಿನ ಡೋಸಿನ ಬೆಲೆಯನ್ನು, 13ರಿಂದ ಗುಣಿಸಿ, ಇಲ್ಲೇ ಕೆಳಗೆ ಸೇರಿಸುತ್ತೇನೆ.